ಭೀಮಾ ದಂಡೆಯ ಹಳೆಯ ಕಲ್ಲುಗಳು



ತೊಗರಿಯ ರಾಶಿ ಮುಗಿಯಿತು. ಬಿಳಿ ಜೋಳ, ಕಡಲೆ, ಕುಸುಬಿ ಕಣದಿಂದ ಮನೆಗೆ ಬಂದವು. ಯುಗಾದಿಯ ತನಕ ಹೊಲದಲ್ಲಿ ಅಂಥ ಅವಸರದ ಕೆಲಸವಿಲ್ಲ. ಈ ಬಿಡುವಿನಲ್ಲೇ ನಮ್ಮ ಕಡೆಯ ಜನ ಜಾತ್ರೆಗೆ, ಉರುಸಿಗೆ, ಬೀಗರ ಊರಿಗೆ ಹೊರಡುವ ರೂಢಿ. ಅಂಥ ತಿರುಗಾಟದ ದಾರಿಯಲ್ಲೇ ಸಿಗುವ, ಆದರೆ ನಾವು ನೋಡದೆ ದಾಟಿ ಹೋಗುವ ಕೆಲವು ಹಳೆಯ ಸ್ಥಳಗಳ ಬಗ್ಗೆ ಈ ಹೊತ್ತು ಮಾತಾಡಬೇಕೆಂದಿದ್ದೇನೆ. ಬೀಜ, ಗೊಬ್ಬರ, ಔಷಧಿ ಹೇಳುವುದು ಬಿಟ್ಟು ಈ ಸಾಹೇಬ ಯಾಕೆ ಪ್ರವಾಸದ ಸುದ್ದಿ ತೆಗೆದ ಎಂದು ಕೇಳಬೇಡಿ. ಸ್ವಲ್ಪ ತಾಳಿದರೆ ಈ ಸುದ್ದಿಯೂ ನಿಮ್ಮ ಹೊಲದ ಮಣ್ಣಿಗೇ ಬಂದು ನಿಲ್ಲುತ್ತದೆ.

ದಾರಿ ಬಹಳ ಸುಲಭವಾದದ್ದು. ನೀರು ಹರಿಯುವ ಕಡೆಗೆ ನಾವೂ ಹೋದರಾಯಿತು. ಆಳಂದ ತಾಲ್ಲೂಕಿನ ಕೋರಹಳ್ಳಿಯ ಹತ್ತಿರ ಅಮರ್ಜಾ ನದಿಗೆ ಅಣೆಕಟ್ಟು ಇದೆ. ಆ ಅಮರ್ಜಾ ಕೆಳಗಿಳಿದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಮುಂದೆ ಜೇವರ್ಗಿ ತಾಲ್ಲೂಕಿನ ಎರಿ ಹೊಲಗಳನ್ನು ಬಲಗಡೆಗೆ ಇಟ್ಟುಕೊಂಡು ಫಿರೋಜಾಬಾದಿನ ಹಾಳು ಕೋಟೆಯ ಮಗ್ಗುಲಿಗೆ ಹಾದು, ದಾರಿಯಲ್ಲಿ ಕಾಗಿಣಾ ನದಿಯನ್ನು ಕೂಡಿಸಿಕೊಂಡು, ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬರುತ್ತದೆ. ಈ ಒಂದು ನೀರಿನ ದಾರಿಯಲ್ಲಿ ಎರಡು ಸಾವಿರ ವರುಷಕ್ಕೂ ಮೀರಿದ ಸಂಗತಿಗಳಿವೆ.

ಆಳಂದದಿಂದಲೇ ಶುರು ಮಾಡೋಣ. ಆಳಂದವೆಂದರೆ ಲಾಡ್ಲೆ ಮಶಾಕ್ ದರ್ಗಾ ನಿಮಗೆ ಕಣ್ಣಮುಂದೆ ಬರುತ್ತದೆ. ಆದರೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದೇ ಊರಿನ ಹೆಸರಿನಿಂದ ಒಂದು ನಾಡೇ ಇತ್ತು. ಅದಕ್ಕೆ ಅಳಂದೆ ಸಾಸಿರ ಎಂದು ಕರೆಯುತ್ತಿದ್ದರು. ಈಗ ನಾವು ತಾಲ್ಲೂಕು, ಜಿಲ್ಲೆ ಎನ್ನುವ ಹಾಗೆ ಆಗ ನಾಡಿನ ಲೆಕ್ಕ.

ಶಾಸನ ಎಂದ ಕೂಡಲೆ ಅದು ಪಂಡಿತರಿಗೆ ಸೇರಿದ್ದು, ನಮಗೇನು ಎಂದು ಕೈ ಝಾಡಿಸುವವರುಂಟು. ಹಾಗಲ್ಲ. ನಮ್ಮ ಕಡೆಯ ಬಹಳಷ್ಟು ಶಾಸನಗಳು ಆ ಕಾಲದ ಪಹಣಿ ಎಂದು ತಿಳಿಯಿರಿ. ಗುಡಿಗೋ, ಮಠಕ್ಕೋ, ಕೆರೆಗೋ ಯಾರು ಎಷ್ಟು ಭೂಮಿ ಬಿಟ್ಟರು ಎಂಬುದನ್ನು ಅದರಲ್ಲಿ ಕೊರೆದಿರುತ್ತಾರೆ. ಅಳತೆಗೆ ಎಕರೆ ಗುಂಟೆಯ ಬದಲು ಮತ್ತರು, ಕಮ್ಮ ಎಂಬ ಹೆಸರು. ಅಳೆಯುವ ಕೋಲು ಯಾವುದು ಎಂಬುದನ್ನೂ ಕೆಲವು ಕಡೆ ಹೇಳಿರುತ್ತಾರೆ. ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾರ ಹೊಲ ಎಂದು ಬರೆದದ್ದಕ್ಕೆ ಅವರು ಚತುಸ್ಸೀಮೆ ಎಂದರು. ಈಗ ನೀವು ಖರೀದಿ ಪತ್ರದಲ್ಲಿ ಬರೆಸುವ ಚಕ್ಕುಬಂದಿ ಅದೇ. ದೀಪಕ್ಕೆ ಇಷ್ಟು ಎಣ್ಣೆ ಕೊಡಬೇಕೆಂದು ಗಾಣದವರ ಮೇಲೆ ಹಾಕಿದ ಲೆಕ್ಕವೂ ಉಂಟು. ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡಿಸುವ ಆಕಳು ಕಂಡರೆ ಅದನ್ನು ಸಾಮಾನ್ಯ ಬಾಂದಕಲ್ಲೆಂದು ಬಿಡಬೇಡಿ. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಮೂರು ಅಂತಸ್ತಿನ ಚಿತ್ರವಿದ್ದು, ಕೆಳಗೆ ಕಾದಾಟ, ನಡುವೆ ಸತ್ತವನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಕೈಲಾಸ ಇದ್ದರೆ ಅದು ವೀರಗಲ್ಲು. ಅಂಥ ವೀರರಲ್ಲಿ ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರೂ ಬಹಳ ಜನ. ಒಕ್ಕಲುತನದವರಿಗೆ ಅವರು ದೂರದವರಲ್ಲ.

ಈಗ ಅಮರ್ಜೆಯ ಜೊತೆಗೆ ಗಾಣಗಾಪುರಕ್ಕೆ ಇಳಿಯೋಣ. ಶ್ರೀ ನರಸಿಂಹ ಸರಸ್ವತಿಯವರ ಪಾದುಕೆಗಳಿರುವ ಈ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ನಾವು ಸಂಗಮದಲ್ಲಿ ಮುಳುಗೆದ್ದು, ದರ್ಶನ ಮಾಡಿ, ಮಧುಕರಿ ಬೇಡಿ ಬಸ್ಸು ಹತ್ತುತ್ತೇವೆ. ಅಲ್ಲಿ ಭಸ್ಮದ ಗುಡ್ಡವೆಂಬ ಬಿಳಿ ಮಣ್ಣಿನ ದಿಬ್ಬವಿದೆ. ಹಿಂದೆ ಯಜ್ಞ ನಡೆದ ಜಾಗವೆಂಬ ನಂಬಿಕೆಯಿಂದ ಭಕ್ತರು ಅದರಿಂದ ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ, ಒಂದು ಪೊಟ್ಟಣ ಮನೆಗೂ ಒಯ್ಯುತ್ತಾರೆ. ಈ ಬಿಳಿ ಮಣ್ಣಿನ ಮಾತನ್ನು ನೆನಪಿನಲ್ಲಿ ಇಡಿ. ಮುಂದೆ ಬೇಕಾಗುತ್ತದೆ.

ಅಲ್ಲಿಂದ ನದಿಯ ಕೆಳಗೆ ಫಿರೋಜಾಬಾದು. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಭೀಮೆಯನ್ನು ಸೇತುವೆಯ ಮೇಲೆ ದಾಟುತ್ತಾರಷ್ಟೆ. ಅದೇ ಸೀಮೆಯಲ್ಲಿ ನದಿಯ ಎಡದಂಡೆಗೆ ಬಹಮನಿ ಅರಸ ಫಿರೋಜಶಹ 1400ರ ಸುಮಾರಿಗೆ ಕಟ್ಟಿಸಿದ ನಗರವಿದು. ಪಡುವಣ ದಿಕ್ಕಿಗೆ ನದಿಯೇ ಕಂದಕ. ಉಳಿದ ಮೂರು ಕಡೆ ಕಲ್ಲಿನ ಗೋಡೆ. ಒಳಗೆ ದೊಡ್ಡ ಮಸೀದಿ, ಅರಮನೆಯ ಕಟ್ಟಡಗಳು, ಬಿಸಿನೀರಿನ ಸ್ನಾನಗೃಹ. 1422ರಲ್ಲಿ ಫಿರೋಜಶಹನ ಆಳಿಕೆ ಮುಗಿಯಿತು. ಅವನ ತಮ್ಮ ಅಹಮದಶಹ ರಾಜಧಾನಿಯನ್ನು ಬೀದರಿಗೆ ಒಯ್ದ. ಊರು ಬಿಕೋ ಎಂದಿತು. ಈಗ ಆ ಗೋಡೆಗಳ ಒಳಗೆ ರೈತರು ಬೆಳೆ ತೆಗೆಯುತ್ತಾರೆ. ಅರಮನೆಯ ಅಂಗಳದಲ್ಲಿ ತೊಗರಿ ಹೂ ಬಿಟ್ಟಿರುವುದನ್ನು ನೋಡಿದರೆ ಯಾರಿಗೂ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ಇಬ್ಬರು ವಿದ್ವಾಂಸರು ಹೊರದೇಶದಿಂದ ಬಂದು ಈ ಊರಿನ ಕಟ್ಟಡಗಳನ್ನು ಅಭ್ಯಾಸ ಮಾಡಿ 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆಚೆ ದಂಡೆಯ ನಮ್ಮವರಲ್ಲಿ ಒಮ್ಮೆಯೂ ಅಲ್ಲಿ ಕಾಲಿಡದವರು ಎಷ್ಟೋ ಮಂದಿ.

ಹೊರದೇಶದವರ ಮಾತು ಬಂತಲ್ಲ, ಹಾಗೇ ಒಂದು ಸಂಗತಿ ಹೇಳಿಬಿಡುತ್ತೇನೆ. ಕಾಗಿಣಾ ದಂಡೆಯ ಮಳಖೇಡ ನಿಮಗೆ ಗೊತ್ತು. ನೃಪತುಂಗ ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಅದೇ. 851ರಲ್ಲಿ ಬರೆದ ಒಂದು ಅರಬ್ಬಿ ಪ್ರವಾಸ ಕಥನದಲ್ಲಿ ಜಗತ್ತಿನ ನಾಲ್ಕು ದೊಡ್ಡ ಅರಸರ ಹೆಸರು ಬರುತ್ತದೆ. ಅರಬರ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ಅರಸ. ಅದಕ್ಕೂ ಹಿಂದೆ, 641ರ ಸುಮಾರಿಗೆ, ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಚಾಲುಕ್ಯ ಪುಲಿಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿ ಅಶೋಕನು ಕಟ್ಟಿಸಿದನೆನ್ನುವ ಸ್ತೂಪಗಳಿದ್ದುದನ್ನು ಬರೆದಿಟ್ಟ. ಅವನು ಬಂದದ್ದು ಬುದ್ಧನ ಗುರುತುಗಳನ್ನು ಕಣ್ಣಾರೆ ನೋಡಲಿಕ್ಕೆ. ನಮಗೆ ಅಷ್ಟು ನಡೆಯುವ ಕಷ್ಟವಿಲ್ಲ. ನಾಲವಾರ ರೈಲು ನಿಲ್ದಾಣದಲ್ಲಿ ಇಳಿದರೆ ಸನ್ನತಿ ಹತ್ತಿರವೇ ಆಯಿತು.

ಕಲಬುರಗಿಯಿಂದ ಆ ಕಡೆಗೆ ಹೋಗುವಾಗ ಶಹಾಬಾದಿನ ಸೀಮೆಯಲ್ಲಿ ಮರತೂರು ಬರುತ್ತದೆ. ಅಣ್ಣತಮ್ಮಂದಿರ ಪಾಲು ವಾಟಣಿಯಲ್ಲಿ ಇಂದಿಗೂ ಮಿತಾಕ್ಷರ ಎಂಬ ಹೆಸರು ಕೇಳುತ್ತೀರಲ್ಲ, ಅದನ್ನು ಬರೆದ ವಿಜ್ಞಾನೇಶ್ವರನು ಈ ಊರಿನವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಕಾನೂನು ತಿದ್ದುಪಡಿ ಆಯಿತು, ಅದು ಬೇರೆ ಮಾತು.

ಸನ್ನತಿಯೆಂದರೆ ಚಂದ್ರಲಾಂಬೆ. ಎಷ್ಟೋ ಮನೆತನಗಳ ಕುಲದೇವತೆ. ಈ ಸ್ಥಳಕ್ಕೆ ಬೌದ್ಧರ ಸಂಬಂಧ ಉಂಟೆಂಬುದನ್ನು 1954ರಲ್ಲಿ ಮೊದಲು ತೋರಿಸಿಕೊಟ್ಟವರು ನಮ್ಮ ಕಡೆಯವರೇ ಆದ ಕಪಟರಾಳ ಕೃಷ್ಣರಾಯರು. 1986ರಲ್ಲಿ ಅಲ್ಲಿಯ ಗುಡಿಯ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ದುಃಖದ ಸಂಗತಿಯೇ. ಆದರೆ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದಾಗ ಅದರ ಎರಡೂ ಮೈಯಲ್ಲಿ ಅಕ್ಷರ! ಅಶೋಕ ಚಕ್ರವರ್ತಿಯ ಆಜ್ಞೆಗಳು, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಮೂರ್ತಿ ಕೂಡಿಸಲಿಕ್ಕೆ ಯಾವ ಕಾಲದಲ್ಲೋ ಯಾರೋ ಆ ಚಪ್ಪಡಿಯ ನಡುವೆ ಚೌಕಾದ ಕಿಂಡಿ ಕೊರೆದಿದ್ದರು. ಆ ಕಿಂಡಿಯಲ್ಲಿದ್ದ ಅಕ್ಷರ ಹೋದವು. ಅವರಿಗೂ ಗೊತ್ತಿರಲಿಲ್ಲ, ಓದಲು ಬರುವವರು ಆಗ ಇರಲಿಲ್ಲ.

ಆ ನಾಲ್ಕು ಆಜ್ಞೆಗಳಲ್ಲಿ ಒಂದು, ಎಲ್ಲ ಪಂಥದವರನ್ನೂ ಗೌರವದಿಂದ ಕಾಣಬೇಕೆಂದು ಹೇಳುತ್ತದೆ. ಇನ್ನೆರಡು ಮೊದಲು ಒರಿಸ್ಸಾದ ಧೌಳಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು. ಮೂರನೆಯ ಜಾಗ ನಮ್ಮ ಸನ್ನತಿ. ಅವು ಅಧಿಕಾರಿಗಳಿಗೆ ಬರೆದವು. ಪ್ರಜೆಗಳನ್ನು ಸುಮ್ಮಸುಮ್ಮನೆ ಬಂಧಿಸಬಾರದು, ಪೀಡಿಸಬಾರದು, ಸೋಮಾರಿತನ, ಸಿಡುಕುತನ ಬಿಡಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಸರಕಾರದ ನೌಕರನಾದ ನಾನು ಅದರ ಅನುವಾದವನ್ನು ಎರಡು ಸಲ ಓದಿದೆ.

ಸನ್ನತಿಯ ಪಕ್ಕದಲ್ಲೇ ಕನಗನಹಳ್ಳಿ. ಇಲ್ಲಿ 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಗೆದಾಗ ಒಂದು ಮಹಾಸ್ತೂಪ ಹೊರಬಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಕ್ರಿಸ್ತಶಕ ಮೂರನೆಯ ಶತಮಾನದ ತನಕ ಅದನ್ನು ಕಟ್ಟುತ್ತ, ಬೆಳೆಸುತ್ತ ಹೋಗಿದ್ದಾರೆ. ಸುತ್ತಲೂ ಹೊದಿಸಿದ ಚಪ್ಪಡಿಗಳ ತುಂಬ ಚಿತ್ರ. ಒಂದರಲ್ಲಿ ಅರಸನೊಬ್ಬ ನಿಂತಿದ್ದಾನೆ, ಜೊತೆಗೆ ರಾಣಿ, ಛತ್ರ ಚಾಮರ ಹಿಡಿದ ಪರಿವಾರ. ಅದರ ಮೇಲೆ ಸ್ಪಷ್ಟವಾಗಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದಿದೆ. ಹೆಸರಿನ ಸಮೇತ ಅಶೋಕನ ರೂಪ ಸಿಕ್ಕದ್ದು ಈ ನಮ್ಮ ಭೀಮಾ ದಂಡೆಯಲ್ಲಿ. ಸಾತವಾಹನ ಅರಸರ ಚಿತ್ರಗಳೂ ಹೆಸರಿನೊಡನೆ ಇವೆ. ಶಾತಕರ್ಣಿ ಎಂಬವನು ಸ್ತೂಪಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುವ ಚಿತ್ರವೊಂದಿದೆ. ಆದರೆ ಅರಸರಿಗಿಂತ ನನ್ನ ಮನಸ್ಸಿಗೆ ಹಿಡಿದದ್ದು ಕಲ್ಲು ಕೊಟ್ಟವರ ಹೆಸರುಗಳು. ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟು ಹೆಸರು ಬರೆಸಿದ್ದಾರೆ. ಈಗ ಗುಡಿಗೆ ಫರಸಿ ಹಾಕಿಸಿ ಹೆಸರು ಬರೆಸುತ್ತೀರಲ್ಲ, ಅದೇ ರೂಢಿ.

ಫರಸಿ ಎಂದೆ. ಆ ಚಪ್ಪಡಿಗಳೂ ನಮ್ಮ ಶಹಾಬಾದಿ ಕಲ್ಲಿನ ಜಾತಿಯವೇ, ಸುಣ್ಣದ ಕಲ್ಲು. ನಿಮ್ಮ ಪಡಸಾಲೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ನೀರಿನ ತೊಟ್ಟಿಗೆ ಹಾಕಿದ ಕಲ್ಲು. ಇನ್ನೂ ಹಿಂದಕ್ಕೆ ಹೋದರೆ, ಜೇವರ್ಗಿಗೆ ತೆಂಕಣಕ್ಕಿರುವ ಸುರಪುರ ಸೀಮೆಯ ಹುಣಸಗಿ, ಇಸಾಂಪುರಗಳಲ್ಲಿ ಆದಿಮಾನವರು ಇಂಥ ಸುಣ್ಣದ ಕಲ್ಲನ್ನೇ ಒಡೆದು ಕೈಗೊಡಲಿ ಮಾಡಿಕೊಂಡರು. ಅವು ಲಕ್ಷಾಂತರ ವರುಷದ ಹಿಂದಿನವು.

ಇಷ್ಟು ತಿರುಗಾಟ ಸಾಕು. ಈಗ ಹೊಲಕ್ಕೆ ಬರೋಣ.

ನಮ್ಮ ಮೂರೂ ತಾಲ್ಲೂಕುಗಳಲ್ಲಿ ಊರ ಹೊರಗೆ ಹಾಳೂರು ದಿಬ್ಬಗಳುಂಟು. ಎರಿ ಹೊಲದ ನಡುವೆ ಬೂದಿಬಣ್ಣದ ಮಣ್ಣು, ಅದರಲ್ಲಿ ಗಡಿಗೆಯ ಚೂರು, ಬಳೆಯ ತುಂಡು, ಇಟ್ಟಂಗಿಯ ಹೆಂಟೆ. ಆ ಮಣ್ಣು ಮಾಳಿಗೆಗೆ ಹಾಕಲು ಒಳ್ಳೆಯದು, ಹೊಲಕ್ಕೆ ಗೊಬ್ಬರವಾಗುತ್ತದೆ ಎಂದು ಹಿರಿಯರು ಬಂಡಿಯಲ್ಲಿ ಹೇರುತ್ತಿದ್ದರು. ಬಂಡಿಯ ಕಾಲದಲ್ಲಿ ದಿಬ್ಬ ಕರಗಲು ತಲೆಮಾರು ಹಿಡಿಯುತ್ತಿತ್ತು. ಈಗ ಜೆಸಿಬಿ, ಟ್ರಾಕ್ಟರು. ನಾಲ್ಕು ದಿನದಲ್ಲಿ ದಿಬ್ಬ ನೆಲಸಮ. ಗಾಣಗಾಪುರದ ಭಕ್ತನ ಒಂದು ಪೊಟ್ಟಣಕ್ಕೂ ಇದಕ್ಕೂ ಎಷ್ಟು ಅಂತರ ನೋಡಿರಿ.

ದಿಬ್ಬ ಹೋದರೆ ಏನು ಹೋಯಿತು? ಹಗೇವಿನ ಲೆಕ್ಕ ಹಾಕಿರಿ. ಮೊದಲು ಸುರುವಿದ ಜೋಳ ತಳದಲ್ಲಿರುತ್ತದೆ, ಆಮೇಲಿನದು ಮೇಲೆ. ಹಾಳೂರು ದಿಬ್ಬವೂ ಹಾಗೇ ಪದರ ಪದರವಾಗಿ ತುಂಬಿದ್ದು. ಯಾವ ಪದರದಲ್ಲಿ ಯಾವ ಗಡಿಗೆ, ಯಾವ ಕಾಳು, ಯಾವ ನಾಣ್ಯ ಸಿಕ್ಕಿತು ಎಂಬುದರಿಂದಲೇ ಯಾವ ಕಾಲದಲ್ಲಿ ಇಲ್ಲಿ ಏನು ಬೆಳೆಯುತ್ತಿದ್ದರು, ಏನು ತಿನ್ನುತ್ತಿದ್ದರು ಎಂಬುದು ತಿಳಿಯುವುದು. ಜೆಸಿಬಿಯಿಂದ ಕಲಸಿದ ಮೇಲೆ ಅದೇ ಚೂರುಗಳು ಸಿಕ್ಕರೂ ಯಾವುದು ಮೊದಲಿನದು, ಯಾವುದು ಆಮೇಲಿನದು ಹೇಳುವ ಹಾಗಿಲ್ಲ.

ಗೊಬ್ಬರದ ಮಾತಿಗೆ ಬಂದರೂ ಲೆಕ್ಕ ಕೂಡುವುದಿಲ್ಲ. ನಮ್ಮ ಎರಿ ಭೂಮಿಯಲ್ಲಿ ಸುಣ್ಣದ ಅಂಶ ಮೊದಲೇ ಹೆಚ್ಚು. ಹಾಳು ಮಣ್ಣಿನಲ್ಲೂ ಬೂದಿ, ಸುಣ್ಣವೇ ಹೆಚ್ಚು. ರಂಜಕ ಒಂದಿಷ್ಟಿರಬಹುದು, ಆದರೆ ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಅದು ಬೆಳೆಯ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಟ್ರಾಕ್ಟರು ಬಾಡಿಗೆ, ಡೀಸೆಲ್ಲು ಲೆಕ್ಕ ಹಾಕಿ. ಅದೇ ಖರ್ಚಿನಲ್ಲಿ ಎಕರೆಗೆ ಎರಡು ಮೂರು ಟನ್ನು ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ ಮಣ್ಣು ನೀರನ್ನೂ ಹಿಡಿಯುತ್ತದೆ, ತೊಗರಿಯೂ ಏಳುತ್ತದೆ. ಕೆರೆಯ ಹೂಳು ಸಿಕ್ಕರೆ ಅದನ್ನು ಮಸಾರಿ ಹೊಲಕ್ಕೆ ಒಯ್ಯಿರಿ. ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿರಿ.

ಈ ಮಾತನ್ನು ಜೇವರ್ಗಿ ತಾಲ್ಲೂಕಿನ ಒಂದು ಊರಿನಲ್ಲಿ, ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಹಿರಿಯರೊಬ್ಬರು ನೇರವಾಗಿ ಕೇಳಿದರು: “ಸಾಹೇಬ್ರ, ನೀವು ಹೇಳೂದು ಖರೆ ಅದ. ಆದ್ರ ಹೊಲದಾಗ ಕಲ್ಲು ಸಿಕ್ಕದ ಅಂತ ಸುದ್ದಿ ಕೊಟ್ರ ಸರಕಾರದವ್ರು ಬಂದು ಹೊಲಾನೇ ತಗೋತಾರಂತಲ್ಲ? ಅದಕ್ಕ ನಮ್ಮವ್ರು ರಾತ್ರೋರಾತ್ರಿ ಹಳ್ಳಕ್ಕ ಉರುಳಸ್ತಾರ.”

ಎಲ್ಲ ಊರಿನಲ್ಲೂ ಇರುವ ಅಂಜಿಕೆ ಇದು. ನಾನು ಅಂದೆ: “ಕಾಕಾ, ಕಲ್ಲು ಸಿಕ್ಕ ಮಾತ್ರಕ್ಕೆ ಹೊಲ ಹೋಗೂದಿಲ್ಲ.” ಆಮೇಲೆ ಬಿಡಿಸಿ ಹೇಳಿದೆ. ನಿಮಗೂ ಹೇಳುತ್ತೇನೆ.

1958ರ ಕೇಂದ್ರ ಕಾಯ್ದೆಯ ಪ್ರಕಾರ ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರಬೇಕಾದರೆ ಸರಕಾರ ಮೊದಲು ಎರಡು ತಿಂಗಳ ನೋಟೀಸು ಕೊಡಬೇಕು. ಅದರ ಪ್ರತಿಯನ್ನು ಆ ಜಾಗದ ಹತ್ತಿರ ಅಂಟಿಸಬೇಕು. ಆ ಎರಡು ತಿಂಗಳೊಳಗೆ ಹೊಲದವರು ತಕರಾರು ಸಲ್ಲಿಸಬಹುದು. ಅದನ್ನು ಸರಕಾರ ವಿಚಾರಿಸಬೇಕು. ಒಂದು ವೇಳೆ ನಿಮ್ಮ ಹೊಲ ಸಂರಕ್ಷಿತ ಕ್ಷೇತ್ರವೇ ಆಯಿತೆನ್ನಿ, ಆಗಲೂ ಒಕ್ಕಲುತನ ನಿಲ್ಲಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಮೇಲಿನಿಂದ ಒಂದು ಅಡಿಗಿಂತ ಆಳಕ್ಕೆ ಅಗೆಯದ ಬೇಸಾಯಕ್ಕೆ ಅಡ್ಡಿಯಿಲ್ಲವೆಂದು ಅದರ 19ನೆಯ ಕಲಮಿನಲ್ಲಿದೆ. ಒಂದು ಅಡಿ ಎಂದರೆ ಕುಂಟೆ, ಕೂರಿಗೆ, ಎಡೆಕುಂಟೆ ಎಲ್ಲವೂ ನಡೆಯುತ್ತವೆ. ಆಳದ ಪಲ್ಟಿ ನೇಗಿಲು, ಅದಕ್ಕೂ ಕೆಳಗಿಳಿಯುವ ಸಬ್‌ಸಾಯ್ಲರು, ಬಾವಿ, ಕೃಷಿ ಹೊಂಡ ಇವಕ್ಕೆ ಮಾತ್ರ ಮೊದಲೇ ಕೇಳಬೇಕು. ಕಟ್ಟಡದ ನಿಯಮ ಬೇರೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಇದರಿಂದ ಸ್ಮಾರಕದ ಪಕ್ಕದ ಕೆಲವರಿಗೆ ತೊಂದರೆಯಾಗುವುದುಂಟು, ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ನಿಂತಿದೆ ಎಂದು ಸುದ್ದಿ ಕೊಟ್ಟವನಿಗೂ ಈ ನಿಯಮಕ್ಕೂ ತಾನಾಗಿ ಸಂಬಂಧ ಬರುವುದಿಲ್ಲ.

ನಿಧಿಯ ಮಾತು ಬೇರೆ. ಬಂಗಾರ, ಬೆಳ್ಳಿ, ನಾಣ್ಯದ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸುವುದು ಕಾಯ್ದೆ. ಬಚ್ಚಿಟ್ಟರೆ ಅಪರಾಧವಾಗುತ್ತದೆ. ಬಂಗಾರವಲ್ಲದ್ದನ್ನೂ ಕಡೆಗಣಿಸಬೇಡಿ, ಸಾತವಾಹನರು ಸೀಸದ ನಾಣ್ಯ ಬಹಳ ಹೊರಡಿಸಿದ್ದಾರೆ. ಅದನ್ನು ಕರಗಿಸಿ ಮೀನಿನ ಬಲೆಗೆ ಗುಂಡು ಮಾಡಿದರೆ ಸಿಗುವುದು ನಾಲ್ಕಾಣೆಯ ಲಾಭ. ಅಮವಾಸ್ಯೆಯ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು ಗುಡಿಯ ಲಿಂಗ ಕೀಳುವ, ವೀರಗಲ್ಲಿನ ಬುಡ ಅಗೆಯುವ ಗುಂಪುಗಳ ವಿಷಯ ನಿಮಗೆ ಗೊತ್ತೇ ಇದೆ. ಅಂಥವರನ್ನು ಹೊಲಕ್ಕೆ ಸೇರಿಸಬೇಡಿ. ಶಾಸನದಲ್ಲಿ ನಿಧಿಯ ದಾರಿ ಬರೆದಿದೆ ಎನ್ನುವವರಿಗೆ ಅದನ್ನು ಓದಲು ಬರುವುದಿಲ್ಲ. ಓದಲು ಬರುವವರು ಅದರಲ್ಲಿ ಎಷ್ಟು ಮತ್ತರು ಭೂಮಿ ಬಿಟ್ಟಿದ್ದಾರೆಂದು ಹೇಳುತ್ತಾರೆ.

ರೈತನ ಗುದ್ದಲಿಯಿಂದ ಎಂಥ ಸಂಗತಿ ಹೊರಬರಬಹುದು ಎಂಬುದಕ್ಕೆ ಚೀನಾ ದೇಶದ ಒಂದು ನಿಜ ಸಂಗತಿ ಕೇಳಿರಿ. 1974ರಲ್ಲಿ ಶಿಯಾನ್ ಎಂಬ ಪಟ್ಟಣದ ಬಳಿ, ಮಳೆ ಕಡಿಮೆಯಾಗಿದ್ದ ಕಾರಣ ರೈತರು ಬಾವಿ ತೋಡುತ್ತಿದ್ದರು. ಕೆಲವು ಮೀಟರ್ ಇಳಿದಾಗ ಸುಟ್ಟ ಮಣ್ಣಿನ ಚೂರುಗಳು, ಆಮೇಲೆ ಮನುಷ್ಯನ ಆಕಾರದ ಗೊಂಬೆಯ ಭಾಗಗಳು ಬಂದವು. ಸುದ್ದಿ ಮೇಲಕ್ಕೆ ಹೋಯಿತು. ಅಗೆದು ನೋಡಿದರೆ ಆಳೆತ್ತರದ ಮಣ್ಣಿನ ಸೈನಿಕರ ಸಾಲು ಸಾಲು, ಸಾವಿರಾರು. ಕ್ರಿಸ್ತಪೂರ್ವ 210ರಲ್ಲಿ ತೀರಿಕೊಂಡ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆ ಮಾಡಿಟ್ಟ ಸೈನ್ಯ ಅದು. ನಮ್ಮ ಸನ್ನತಿಯ ಶಾಸನವೂ ಅದೇ ಶತಮಾನದ್ದು ಎಂಬುದನ್ನು ಗಮನಿಸಿರಿ. ಅದನ್ನು ನೋಡಲು ಇಂದು ಜಗತ್ತಿನ ಮೂಲೆ ಮೂಲೆಯಿಂದ ಜನ ಹೋಗುತ್ತಾರೆ. ಅದೇ ದೇಶದ ಮಹಾಗೋಡೆಯ ಕಥೆ ಇನ್ನೊಂದು ತೆರ. ಊರವರು ಮನೆ ಕಟ್ಟಲು, ಹಂದಿಯ ದೊಡ್ಡಿ ಕಟ್ಟಲು ಅದರ ಇಟ್ಟಂಗಿ ಕಿತ್ತೊಯ್ದು ಎಷ್ಟೋ ಕಡೆ ಗೋಡೆಯೇ ಇಲ್ಲವಾಯಿತು. ಕೊನೆಗೆ 2006ರಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಯಮ ಮಾಡಬೇಕಾಯಿತು.

ಹಾಗಾದರೆ ನಾಳೆ ನೇಗಿಲಿಗೆ ಕಲ್ಲು ತಗುಲಿದರೆ ಏನು ಮಾಡಬೇಕು? ಎತ್ತು ನಿಲ್ಲಿಸಿರಿ, ಟ್ರಾಕ್ಟರಿದ್ದರೆ ಅದನ್ನೂ ನಿಲ್ಲಿಸಿರಿ. ಕಲ್ಲನ್ನು ಹಾರೆಯಿಂದ ಮೀಟಬೇಡಿ. ಇದ್ದ ಜಾಗದಲ್ಲೇ ಮೊಬೈಲಿನಿಂದ ಫೋಟೋ ತೆಗೆಯಿರಿ. ಮುಂಜಾನೆ ಇಲ್ಲವೆ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬರೀ ನೀರು, ಮೆತ್ತನೆಯ ಬಟ್ಟೆ ಸಾಕು. ಇಟ್ಟಂಗಿಯಿಂದ ತಿಕ್ಕುವುದು, ಅಕ್ಷರಕ್ಕೆ ಸುಣ್ಣ ತುಂಬುವುದು, ದೇವರೆಂದು ಆಯಿಲ್ ಪೇಂಟು ಬಳಿಯುವುದು ಬೇಡ. ಪೂಜೆ ಮಾಡುವವರು ಹೂವು ಏರಿಸಿರಿ, ಪೇಂಟು ಬಿಡಿರಿ. ಸರ್ವೆ ನಂಬರು ಬರೆದು ಗ್ರಾಮ ಪಂಚಾಯಿತಿಗೆ, ತಹಸೀಲ್ದಾರರಿಗೆ, ಕಲಬುರಗಿಯ ಸರಕಾರಿ ವಸ್ತು ಸಂಗ್ರಹಾಲಯಕ್ಕೆ ತಿಳಿಸಿರಿ. ಊರ ಸಾಲಿಯ ಮಾಸ್ತರರಿದ್ದರೆ ಅವರ ಕೈಯಲ್ಲಿ ಅರ್ಜಿ ಬರೆಸಿರಿ, ಹುಡುಗರಿಗೂ ಕಲಿತ ಹಾಗಾಗುತ್ತದೆ. ಪ್ರವಾಹ ಬಂದು ಇಳಿದ ಮೇಲೆ, 2020ರ ಅಕ್ಟೋಬರಿನಲ್ಲಿ ಭೀಮೆ ಬಂದದ್ದು ನೀವು ಮರೆತಿರಲಿಕ್ಕಿಲ್ಲ, ದಂಡೆಯ ಮಣ್ಣು ಜರಿದ ಕಡೆ ಒಂದು ಸುತ್ತು ನಡೆದು ನೋಡಿರಿ. ಇಟ್ಟಂಗಿಯ ಸಾಲು ಕಾಣುವುದು ಅಲ್ಲೇ.

ಇನ್ನು ಸನ್ನತಿಗೆ ಹೋಗುವವರಿಗೆ ಒಂದೆರಡು ಮಾತು. ಹೋಳಿ ಹುಣ್ಣಿವೆಯ ಒಳಗೇ ಹೋಗಿ ಬನ್ನಿ, ಆಮೇಲೆ ಅಲ್ಲಿ ಬಿಸಿಲು ತಡೆಯಲಿಕ್ಕಾಗದು. ಮುಂಜಾನೆ ಚಂದ್ರಲಾಂಬೆಯ ದರ್ಶನ ಮುಗಿಸಿ ಕನಗನಹಳ್ಳಿಗೆ ನಡೆದರೆ ಹೊತ್ತೇರುವ ಮುಂಚೆ ಸ್ತೂಪದ ಜಾಗ ನೋಡಬಹುದು. ಸಂಘದವರು ಕೂಡಿ ಹತ್ತಿಪ್ಪತ್ತು ಜನ ಹೋದರೆ ಗಾಡಿಯ ಖರ್ಚು ಹಂಚಿ ಹೋಗುತ್ತದೆ. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ. ಚಪ್ಪಡಿಗಳ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ, ಅಲ್ಲಿಯ ಕಾವಲಿನವರು ಬೈಯುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೋಗಿ ನದಿಯ ದಂಡೆಯ ಮರದ ಕೆಳಗೆ ಉಣ್ಣಿರಿ. ಕುಡಿಯುವ ನೀರು ಮಾತ್ರ ಮನೆಯಿಂದಲೇ ಒಯ್ಯಿರಿ.